ತಂಗಿಗೆ ಸಮಾಧಾನದ ಮಾತು ಬೇಡ, ವಾರಕ್ಕೆ ಎರಡು ಗಂಟೆ ಬಿಡುವು ಕೊಡಿ

ಪ್ರಶ್ನೆ: ನನ್ನ ತಂಗಿಯ ಮಗನಿಗೆ ಈಗ 4 ವರ್ಷ. ಆಟಿಸಂ ಇದೆ ಎಂದು 6 ತಿಂಗಳ ಹಿಂದೆ ವೈದ್ಯರು ಹೇಳಿದರು. ಇನ್ನೂ ಮಾತು ಬಂದಿಲ್ಲ. ಅವನಿಗೆ 8 ವರ್ಷದ ಅಕ್ಕ ಇದ್ದಾಳೆ. ವಿಷಯ ಗೊತ್ತಾದಾಗಿನಿಂದ ತಂಗಿ ಯಾರ ಮನೆಗೂ ಬರುತ್ತಿಲ್ಲ, ಫೋನ್ ಎತ್ತುವುದೂ ಕಡಿಮೆ. ಹೋದ ತಿಂಗಳು ನಾನೇ ಅವಳ ಮನೆಗೆ ಹೋಗಿದ್ದೆ. ‘ಯೋಚನೆ ಮಾಡಬೇಡ ಕಣೇ, ಎಲ್ಲ ಸರಿಹೋಗುತ್ತೆ’ ಅಂದೆ. ‘ನಿನಗೆ ಹೇಗೆ ಗೊತ್ತು?’ ಎಂದು ರೇಗಿದಳು, ಆಮೇಲೆ ಅತ್ತಳು. ‘ಏನು ಬೇಕಾದರೂ ಕೇಳು’ ಎಂದು ಹೇಳಿ ಬಂದೆ. ಇವತ್ತಿನವರೆಗೂ ಏನೂ ಕೇಳಿಲ್ಲ. ನಾನು ಮಾಡಿದ ತಪ್ಪೇನು? ಅವಳಿಗೆ ಹೇಗೆ ನೆರವಾಗಲಿ?

ಉತ್ತರ: ನಿಮ್ಮ ತಂಗಿ ರೇಗಿದ್ದು ನಿಮ್ಮ ಮೇಲಲ್ಲ, ಆ ಮಾತಿನ ಮೇಲೆ. ‘ಎಲ್ಲ ಸರಿಹೋಗುತ್ತೆ’ ಎಂಬುದನ್ನು ಈ 6 ತಿಂಗಳಲ್ಲಿ ಅವಳು ಎಷ್ಟು ಜನರ ಬಾಯಲ್ಲಿ ಕೇಳಿರಬಹುದು, ಸುಮ್ನೆ ಲೆಕ್ಕ ಹಾಕಿ. ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಆ ಮಾತು ಬಂದ ಮೇಲೆ ಅವಳು ಇನ್ನೇನು ಹೇಳಬೇಕು? ನಿನ್ನೆ ರಾತ್ರಿ ಮಗ 2 ಗಂಟೆಗೆ ಎದ್ದು ಬೆಳಗಿನವರೆಗೂ ಮಲಗಲಿಲ್ಲ ಎಂದು ಹೇಳಬೇಕೆಂದು ಅಂದುಕೊಂಡಿದ್ದರೆ, ಅದು ಗಂಟಲಲ್ಲೇ ಉಳಿಯಿತು.

ಇದೇ ಜಾತಿಯ ಮಾತುಗಳು ಇನ್ನೂ ಇವೆ. ‘ನಮಗೆ ಗೊತ್ತಿರುವ ಒಬ್ಬ ಹುಡುಗ 5 ವರ್ಷಕ್ಕೆ ಮಾತಾಡಿದ, ಈಗ ನೋಡು.’ ‘ದೇವರು ತಡೆಯೋ ಶಕ್ತಿ ಇರೋರಿಗೇ ಇಂಥದ್ದು ಕೊಡೋದು.’ ‘ನೀನಾಗಿದ್ದಕ್ಕೆ ನಿಭಾಯಿಸ್ತಿದ್ದೀಯ, ನನ್ನ ಕೈಲಿ ಆಗ್ತಿರಲಿಲ್ಲ.’ ಕೊನೆಯದು ಹೊಗಳಿಕೆ ಥರ ಕೇಳಿಸುತ್ತದೆ, ಅಲ್ವಾ? ನನಗಂತೂ ಅದೇ ಎಲ್ಲಕ್ಕಿಂತ ಕಷ್ಟದ ಮಾತು ಅನ್ನಿಸುತ್ತದೆ. ಗಟ್ಟಿಗಿತ್ತಿ ಎಂದು ಹೆಸರು ಕೊಟ್ಟ ಮೇಲೆ ‘ನನಗೆ ಸಾಕಾಗಿದೆ’ ಎಂದು ಅವಳು ಯಾರ ಹತ್ತಿರ ಹೇಳುವುದು?

ಹಾಗಾದರೆ ಏನು ಮಾತಾಡಬೇಕು? ‘ಈ ವಾರ ಹೇಗಿತ್ತು?’ ಎಂದು ಕೇಳಿ. ಕೇಳಿ ಸುಮ್ಮನಿರಿ. ‘ಏನು ಹೇಳಬೇಕೋ ತಿಳೀತಿಲ್ಲ ಕಣೇ, ಆದ್ರೆ ಕೇಳಿಸ್ಕೊಳ್ತೀನಿ’ ಅಂದರೂ ಸಾಕು. ಅವಳು ಅತ್ತರೆ ತಡೆಯಬೇಡಿ. ಮಗ ಹೊಸದಾಗಿ ಏನಾದರೂ ಮಾಡಿದ ಎಂದು ಖುಷಿಯಾಗಿ ಹೇಳಿದರೆ ನೀವೂ ಖುಷಿಪಡಿ. ಬೇಕಾದದ್ದನ್ನು ಬೆರಳು ಮಾಡಿ ತೋರಿಸಿದ, ಹೆಸರು ಕರೆದಾಗ ತಿರುಗಿದ, ಇವೆಲ್ಲ ಆ ಮನೆಯಲ್ಲಿ ದೊಡ್ಡ ಸುದ್ದಿ. ‘ಅಷ್ಟೇನಾ?’ ಎಂಬ ಮುಖ ಮಾಡಬೇಡಿ.

ಅವಳ ದುಃಖದ ಬಗ್ಗೆ ಒಂದು ವಿಷಯ ನಿಮಗೆ ಗೊತ್ತಿರಬೇಕು. ಇದು ಒಂದು ದಿನ ಶುರುವಾಗಿ ಇನ್ನೊಂದು ದಿನ ಮುಗಿಯುವ ದುಃಖ ಅಲ್ಲ. ಅಮೆರಿಕದ ಸೈಮನ್ ಓಲ್‌ಶಾನ್‌ಸ್ಕಿ 1962ರಲ್ಲಿ ಒಂದು ಲೇಖನ ಬರೆದರು. ಬುದ್ಧಿ ಬೆಳವಣಿಗೆ ನಿಧಾನವಾಗಿದ್ದ ಮಕ್ಕಳ ತಂದೆತಾಯಿಯರನ್ನು ಹತ್ತಿರದಿಂದ ಕಂಡವರು ಅವರು. ಈ ತಂದೆತಾಯಿಯರ ದುಃಖ ಬಹಳ ಕಾಲ ಜೊತೆಗೇ ಇರುತ್ತದೆ, ಹಾಗಿರುವುದು ಸಹಜ, ಅದೊಂದು ಕಾಯಿಲೆ ಅಲ್ಲ ಎಂದರು. ಅದನ್ನು ‘ಕ್ರಾನಿಕ್ ಸಾರೋ’, ಅಂದರೆ ಬಹುಕಾಲ ಉಳಿಯುವ ದುಃಖ, ಎಂದು ಕರೆದರು. ಆಗ ಇಂಥ ಮಕ್ಕಳ ಜೊತೆ ಕೆಲಸ ಮಾಡುವ ನನ್ನಂಥ ವೃತ್ತಿಯವರೆಲ್ಲ ‘ಒಪ್ಪಿಕೊಳ್ಳಿ, ಒಪ್ಪಿಕೊಳ್ಳಿ’ ಎಂದು ತಂದೆತಾಯಿಯರ ಬೆನ್ನು ಹತ್ತುತ್ತಿದ್ದರು. ಈಗಲೂ ಹತ್ತುತ್ತೇವೆ. ಆ ಲೇಖನ ಓದಿದ ಮೇಲೆ ನಾನು ಆ ಪದ ಬಳಸುವುದನ್ನು ಕಡಿಮೆ ಮಾಡಿದೆ. ನಿಮ್ಮ ತಂಗಿ ಮೂರು ತಿಂಗಳು ಆರಾಮಾಗಿ ಇರಬಹುದು. ಆಮೇಲೆ ಮಗನ ಓರಗೆಯ ಮಗು ಶಾಲೆಗೆ ಸೇರಿದ ಫೋಟೊ ನೋಡಿ ಮತ್ತೆ ಕುಸಿಯಬಹುದು. ಹುಟ್ಟುಹಬ್ಬದ ದಿನ, ಸಭೆಯಲ್ಲಿ ಬೇರೆ ಮಕ್ಕಳು ಹಾಡುವಾಗ, ಎಲ್ಲಾದರೂ. ಆಗ ‘ಇನ್ನೂ ಅದರಿಂದ ಹೊರಗೆ ಬಂದಿಲ್ವಾ?’ ಎಂದು ಯಾರೂ ಕೇಳಬಾರದು. ಮಗನ ಮೇಲಿನ ಪ್ರೀತಿ ಬೇರೆ, ಈ ನೋವು ಬೇರೆ. ಎರಡೂ ಒಂದೇ ಮನಸ್ಸಿನಲ್ಲಿ ಇರುತ್ತವೆ.

ಇನ್ನೊಂದು, ಅವಳು ಬಾಯಿ ಬಿಟ್ಟು ಹೇಳದೇ ಇರುವುದು: ‘ನನ್ನಿಂದಲೇ ಹೀಗಾಯ್ತಾ?’ ಎಂಬ ಕೊರೆತ. ನಾನು ನೋಡಿದ ಹೆಚ್ಚುಕಡಿಮೆ ಎಲ್ಲ ತಾಯಂದಿರಲ್ಲೂ ಇದು ಇತ್ತು. ಬಸುರಿಯಾಗಿದ್ದಾಗ ಕೆಲಸಕ್ಕೆ ಹೋಗಿದ್ದಕ್ಕಾ, ಮೊಬೈಲ್ ಕೊಟ್ಟಿದ್ದಕ್ಕಾ, ಎತ್ತಿಕೊಂಡು ಮಾತಾಡಿಸಿದ್ದು ಕಡಿಮೆಯಾಯ್ತಾ ಎಂದು ರಾತ್ರಿಯೆಲ್ಲ ಹಿಂದಕ್ಕೆ ಹೋಗಿ ಹುಡುಕುತ್ತಿರುತ್ತಾರೆ. ಇದರಲ್ಲಿ ನಮ್ಮ ವೃತ್ತಿಯ ಪಾಪವೂ ಇದೆ. ಅಮೆರಿಕದ ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿ 11 ಮಕ್ಕಳನ್ನು ಗಮನಿಸಿ ಆಟಿಸಂ ಬಗ್ಗೆ ಮೊದಲು ವಿವರವಾಗಿ ಬರೆದರು. ಆಮೇಲಿನ ವರ್ಷಗಳಲ್ಲಿ, ತಾಯಿಯ ಪ್ರೀತಿ ತಣ್ಣಗಿದ್ದರೆ ಮಗು ಹೀಗಾಗುತ್ತದೆ ಎಂಬ ವಾದ ಹಬ್ಬಿತು. ಅಂಥ ತಾಯಂದಿರಿಗೆ ‘ರೆಫ್ರಿಜರೇಟರ್ ಮದರ್’ ಎಂಬ ಹೆಸರೂ ಬಂತು. ಒಂದು ಇಡೀ ತಲೆಮಾರಿನ ತಾಯಂದಿರು ಮಾಡದ ತಪ್ಪಿಗೆ ತಲೆ ತಗ್ಗಿಸಿದರು. 1964ರಲ್ಲಿ ಬರ್ನಾರ್ಡ್ ರಿಮ್‌ಲ್ಯಾಂಡ್ ಎಂಬ ಮನೋವಿಜ್ಞಾನಿ, ಇದು ಮೆದುಳಿನ ಬೆಳವಣಿಗೆಗೆ ಸಂಬಂಧಿಸಿದ್ದು ಎಂದು ಪುಸ್ತಕ ಬರೆದು ಆ ವಾದಕ್ಕೆ ದೊಡ್ಡ ಪೆಟ್ಟು ಕೊಟ್ಟರು. ಅವರ ಮಗನಿಗೂ ಆಟಿಸಂ ಇತ್ತು. ಲಸಿಕೆಯಿಂದ ಆಟಿಸಂ ಬರುತ್ತದೆ ಎಂಬ ಕಥೆಯೂ ಇಂಥದ್ದೇ. 1998ರಲ್ಲಿ ‘ದ ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಒಂದು ಬರಹದಿಂದ ಆ ಭಯ ಹುಟ್ಟಿತು. 2010ರಲ್ಲಿ ಪತ್ರಿಕೆಯೇ ಆ ಬರಹವನ್ನು ವಾಪಸ್ ತೆಗೆದುಕೊಂಡಿತು. ಭಯ ಮಾತ್ರ ವಾಪಸ್ ಹೋಗಿಲ್ಲ.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಅಕ್ಕನಾಗಿ ನಿಮ್ಮಿಂದ ಆಗುವ ದೊಡ್ಡ ಕೆಲಸ ಇಲ್ಲೇ ಇದೆ. ಮನೆಯ ಹಿರಿಯರು, ನೆಂಟರು ‘ಯಾರ ಕಡೆಯಿಂದ ಬಂತು?’ ಎಂದು ಮಾತು ತೆಗೆದಾಗ ಅದನ್ನು ಅಲ್ಲೇ ನಿಲ್ಲಿಸಿ. ಅವಳು ಎದುರಿಗೆ ಇಲ್ಲದಾಗಲೂ ನಿಲ್ಲಿಸಿ. ಜಗಳ ಬೇಕಾಗಿಲ್ಲ. ‘ಇದರಲ್ಲಿ ಯಾರ ತಪ್ಪೂ ಇಲ್ಲ. ಅವಳ ಮುಂದೆ ಈ ಮಾತು ಬೇಡ’ ಎಂದು ನೇರವಾಗಿ ಹೇಳಿ. ಇದನ್ನು ಅವಳೇ ಹೇಳಿದರೆ ಸೊಸೆ ಎದುರು ಮಾತಾಡಿದಳು ಅಂತಾಗುತ್ತದೆ. ನೀವು ಹೇಳಿದರೆ ಹಾಗಾಗುವುದಿಲ್ಲ.

ಈಗ ‘ಏನು ಬೇಕಾದರೂ ಕೇಳು’ ಎಂಬ ಮಾತಿಗೆ ಬರೋಣ. ಅವಳು ಯಾಕೆ ಕೇಳಲಿಲ್ಲ? ಕೇಳುವುದೂ ಒಂದು ಕೆಲಸ. ಏನು ಬೇಕು ಎಂದು ಅವಳೇ ಯೋಚಿಸಬೇಕು, ನಿಮಗೆ ಬಿಡುವಿದೆಯಾ ಎಂದು ಅವಳೇ ಅಳೆಯಬೇಕು, ಆಮೇಲೆ ಬಾಯಿ ಬಿಟ್ಟು ಕೇಳಬೇಕು. ಅಷ್ಟು ಶಕ್ತಿ ಉಳಿದಿದ್ದರೆ ಆ ಕೆಲಸವನ್ನು ತಾನೇ ಮಾಡಿ ಮುಗಿಸುತ್ತಾಳೆ. ಅದಕ್ಕೇ ದಿನ, ಹೊತ್ತು, ಕೆಲಸ ಮೂರನ್ನೂ ನೀವೇ ಹೇಳಿ. ‘ಪ್ರತಿ ಗುರುವಾರ ಥೆರಪಿಗೆ ನಾನು ಬಿಟ್ಟು ಬರ್ತೀನಿ, ನೀನು ಮನೇಲಿರು.’ ‘ಶನಿವಾರ 4 ಗಂಟೆಗೆ ಬಂದು ಅವನ ರಿಪೋರ್ಟ್‌ಗಳನ್ನೆಲ್ಲ ತಾರೀಖಿನ ಪ್ರಕಾರ ಫೈಲ್ ಮಾಡಿ ಕೊಡ್ತೀನಿ.’ ಈ ಫೈಲ್ ಕೆಲಸ ನೋಡಲು ಚಿಕ್ಕದು. ಆದರೆ ಪ್ರತಿ ಹೊಸ ವೈದ್ಯರ ಮುಂದೆ ಮೊದಲಿನಿಂದ ಕಥೆ ಹೇಳಿ ಹೇಳಿ ತಂದೆತಾಯಿ ಸೋತಿರುತ್ತಾರೆ. ಅವರ ಜೊತೆ ಹೋಗಿ ವೈದ್ಯರು ಹೇಳಿದ್ದನ್ನು ಬರೆದುಕೊಳ್ಳುವ ಒಬ್ಬರಿದ್ದರೆ ಎಷ್ಟೋ ಅನುಕೂಲ. ಗಾಬರಿಯಲ್ಲಿದ್ದಾಗ ಕೇಳಿದ್ದು ಅರ್ಧವೂ ನೆನಪಿರುವುದಿಲ್ಲ.

ಆದರೆ ನೀವು ಒಂದೇ ಒಂದು ಕೆಲಸ ಮಾಡುವುದಾದರೆ, ಆ ಮಗುವನ್ನು ನೋಡಿಕೊಳ್ಳುವುದನ್ನು ಕಲಿಯಿರಿ. ವಾರಕ್ಕೆ ಎರಡು ಗಂಟೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ತಾಯಿಗೆ ಮನೆಯಲ್ಲಿ ಮಾಡಿಸಿ ಎಂದು 12 ಚಟುವಟಿಕೆಗಳ ಪಟ್ಟಿ ಕೊಟ್ಟಿದ್ದೆ. ಚೆನ್ನಾಗಿ ಬರೆದಿದ್ದೇನೆ ಎಂಬ ಹೆಮ್ಮೆ ಬೇರೆ. ಅವರು ಅದನ್ನು ಓದಿ, ಮಡಚಿ, ‘ಇದನ್ನ ಮಾಡ್ಸೋಕೆ ನಾನು ಮೊದ್ಲು ಸ್ನಾನ ಮಾಡ್ಬೇಕಲ್ವಾ ಮೇಡಂ?’ ಅಂದರು. ಆವತ್ತು ಅವರಿಗೆ ಬೇಕಿದ್ದದ್ದು ಬಾಗಿಲು ಹಾಕಿಕೊಂಡು ನೆಮ್ಮದಿಯಾಗಿ ಇರುವ ಅರ್ಧ ಗಂಟೆ. ನನ್ನ ಪಟ್ಟಿಯಲ್ಲಿ ಅದು ಇರಲಿಲ್ಲ.

ಕಲಿಯುವುದು ಹೇಗೆ? ಅವಸರ ಬೇಡ. ಮೊದಲ ಮೂರ್ನಾಲ್ಕು ಸಲ ತಂಗಿ ಇರುವಾಗಲೇ ಹೋಗಿ. ನೆಲದ ಮೇಲೆ ಕೂತುಕೊಳ್ಳಿ, ಅವನಿಗಿಂತ ಸ್ವಲ್ಪ ದೂರದಲ್ಲಿ. ಎತ್ತಿಕೊಳ್ಳಲು, ಮುದ್ದು ಮಾಡಲು ಹೋಗಬೇಡಿ. ‘ಇಲ್ಲಿ ನೋಡು, ದೊಡ್ಡಮ್ಮನ್ನ ನೋಡು’ ಎಂದು ಗಲ್ಲ ಹಿಡಿದು ತಿರುಗಿಸಬೇಡಿ. ಕಣ್ಣಲ್ಲಿ ಕಣ್ಣಿಟ್ಟು ನೋಡುವುದು ಇಂಥ ಎಷ್ಟೋ ಮಕ್ಕಳಿಗೆ ಹಿಂಸೆ. ನೋಡದೆಯೂ ಅವರು ಕೇಳಿಸಿಕೊಳ್ಳುತ್ತಾರೆ. ಅವನು ಕಾರುಗಳನ್ನು ಸಾಲಾಗಿ ಜೋಡಿಸುತ್ತಿದ್ದರೆ ನೀವೂ ನಿಮ್ಮ ಪಾಡಿಗೆ ಎರಡು ಕಾರು ಜೋಡಿಸಿ. ಅವನ ಸಾಲು ಕೆಡಿಸಬೇಡಿ. ಎರಡನೆಯ ಸಲವೋ ಐದನೆಯ ಸಲವೋ ಅವನೇ ಒಂದು ಕಾರು ನಿಮ್ಮ ಕಡೆ ತಳ್ಳಬಹುದು. ತಳ್ಳದಿದ್ದರೂ ಬೇಜಾರಿಲ್ಲ.

ಮಾತು ಚಿಕ್ಕದಾಗಿರಲಿ. ‘ಶೂ ಹಾಕೋ, ಹೊರಗೆ ಹೋಗೋಣ, ಬೇಗ ಬಾ, ಲೇಟಾಯ್ತು’ ಎಂದು ಒಂದೇ ಉಸಿರಿಗೆ ಹೇಳಿದರೆ ಅವನಿಗೆ ಅದೆಲ್ಲ ಗದ್ದಲ. ‘ಶೂ ಹಾಕು’ ಅನ್ನಿ. ಹೇಳಿ ಮನಸ್ಸಿನಲ್ಲೇ 10ರವರೆಗೆ ಎಣಿಸಿ. ಈ ಕಾಯುವುದು ನಮಗೆಲ್ಲ ಬಹಳ ಕಷ್ಟ. ಮೂರು ಎಣಿಸುವಷ್ಟರಲ್ಲಿ ಮತ್ತೆ ಬಾಯಿ ತೆರೆದಿರುತ್ತೇವೆ. ಮತ್ತೆ ಹೇಳಿದರೆ ಅವನ ತಲೆಯಲ್ಲಿ ಕೆಲಸ ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಮಾತು ಬಾರದ ಮಗುವಿಗೆ ಚಿತ್ರದ ಕಾರ್ಡ್‌ಗಳನ್ನು ಕೊಟ್ಟಿರಬಹುದು. ಬೇಕಾದ ವಸ್ತುವಿನ ಚಿತ್ರ ತಂದು ಕೈಗೆ ಕೊಟ್ಟರೆ ಆ ವಸ್ತು ಸಿಗುತ್ತದೆ. ಆಂಡಿ ಬಾಂಡಿ ಮತ್ತು ಲೋರಿ ಫ್ರಾಸ್ಟ್ 1985ರಲ್ಲಿ ರೂಪಿಸಿದ ವಿಧಾನ ಇದು, ಪೆಕ್ಸ್ ಎನ್ನುತ್ತಾರೆ. ‘ಕಾರ್ಡ್ ಕೊಟ್ಟರೆ ಸೋಮಾರಿಯಾಗ್ತಾನೆ, ಮಾತೇ ಬರಲ್ಲ’ ಎಂದು ಮನೆಯಲ್ಲಿ ಯಾರಾದರೂ ಹೇಳೇ ಹೇಳುತ್ತಾರೆ. ಈವರೆಗಿನ ಅಧ್ಯಯನಗಳು ಹಾಗೆ ಹೇಳುವುದಿಲ್ಲ. ಕಾರ್ಡ್, ಸನ್ನೆ, ಟ್ಯಾಬ್ ಯಾವುದೂ ಮಾತನ್ನು ತಡೆಯುವುದಿಲ್ಲ, ಕೆಲವು ಮಕ್ಕಳಿಗೆ ಮಾತಿಗೆ ಮೆಟ್ಟಿಲೂ ಆಗುತ್ತವೆ. ಅವನು ಕಾರ್ಡ್ ಕೊಟ್ಟಾಗ ‘ಬಾಯಲ್ಲಿ ಹೇಳು, ಆಮೇಲೆ ಕೊಡ್ತೀನಿ’ ಎಂದು ಸತಾಯಿಸಬೇಡಿ.

ಒಂದು ದಿನ ಅವನು ನಿಮ್ಮ ಮುಂದೆಯೇ ಕಿರುಚಿ, ನೆಲಕ್ಕೆ ಬಿದ್ದು, ತಲೆ ಚಚ್ಚಿಕೊಳ್ಳಬಹುದು. ನೋಡಿದವರಿಗೆ ಹಠ ಅನ್ನಿಸುತ್ತದೆ. ಹಠ ಮಾಡುವ ಮಗು ಓರೆಗಣ್ಣಿನಲ್ಲಿ ನಿಮ್ಮನ್ನು ನೋಡುತ್ತಿರುತ್ತದೆ, ಕೇಳಿದ್ದು ಸಿಕ್ಕರೆ ನಿಲ್ಲಿಸುತ್ತದೆ. ಇದು ಹಾಗಲ್ಲ. ಸದ್ದು, ಬೆಳಕು, ಜನ, ದಿನಚರಿಯ ಬದಲಾವಣೆ, ಯಾವುದೋ ಜಾಸ್ತಿಯಾಗಿ ಅವನ ಕೈಮೀರಿ ಹೋಗಿದೆ. ಬೇಕಾದ್ದು ಕೊಟ್ಟರೂ ತಕ್ಷಣ ನಿಲ್ಲುವುದಿಲ್ಲ. ಬೈಯುವುದು, ಬುದ್ಧಿ ಹೇಳುವುದು, ಹತ್ತು ಜನ ಸೇರಿ ಸಮಾಧಾನ ಮಾಡುವುದು ಎಲ್ಲವೂ ಇನ್ನಷ್ಟು ಸದ್ದೇ. ದೀಪ ಕಡಿಮೆ ಮಾಡಿ. ಟಿವಿ ಆರಿಸಿ. ತಲೆಯ ಕೆಳಗೆ ದಿಂಬು ಇಡಿ. ಸುತ್ತ ನಿಂತವರನ್ನು ಕಳಿಸಿ. ನೀವು ಹತ್ತಿರದಲ್ಲೇ, ಮಾತಿಲ್ಲದೆ, ಇರಿ. ಯಾರಾದರೂ ವಿಡಿಯೊ ಮಾಡಲು ಫೋನ್ ಎತ್ತಿದರೆ ಕೆಳಗಿಡಿಸಿ.

ಸುರಕ್ಷತೆಯ ಒಂದು ಮಾತನ್ನು ದಯವಿಟ್ಟು ಮರೆಯಬೇಡಿ. ಆಟಿಸಂ ಇರುವ ಹಲವು ಮಕ್ಕಳು ಯಾರಿಗೂ ತಿಳಿಯದ ಹಾಗೆ ಮನೆಯಿಂದ ಹೊರಗೆ ಹೋಗಿಬಿಡುತ್ತಾರೆ. ಅವರಲ್ಲಿ ಬಹಳ ಮಂದಿಗೆ ನೀರಿನ ಸೆಳೆತ. ಮುಳುಗಿ ಸಾಯುವ ಅಪಾಯ ಈ ಮಕ್ಕಳಲ್ಲಿ ಹೆಚ್ಚು. ನಿಮ್ಮ ಮನೆಗೆ ಅವನು ಬರುವ ಮೊದಲು ಬಾಗಿಲಿನ ಚಿಲಕ ಎತ್ತರದಲ್ಲಿದೆಯಾ, ನೀರಿನ ತೊಟ್ಟಿ ಮುಚ್ಚಿದೆಯಾ ನೋಡಿ. ಜನ ಸೇರಿದ ಕಡೆ ‘ಎಲ್ರೂ ಇದ್ದೀವಲ್ಲ, ನೋಡ್ಕೊಳ್ತೀವಿ’ ಅಂದರೆ ಯಾರೂ ನೋಡುತ್ತಿರುವುದಿಲ್ಲ. ಇಂತಿಷ್ಟು ಹೊತ್ತು ನನ್ನ ಜವಾಬ್ದಾರಿ ಎಂದು ಒಬ್ಬರು ಬಾಯಿಬಿಟ್ಟು ಹೇಳಬೇಕು. ಮಗುವಿಗೆ ಫಿಟ್ಸ್ ಬರುವುದಿದ್ದರೆ ಅದನ್ನೂ ಕಲಿತುಕೊಳ್ಳಿ: ಪಕ್ಕಕ್ಕೆ ಮಗ್ಗುಲಾಗಿ ಮಲಗಿಸಬೇಕು, ಬಾಯಿಗೆ ಏನೂ ಹಾಕಬಾರದು, ಗಡಿಯಾರ ನೋಡಬೇಕು, 5 ನಿಮಿಷ ದಾಟಿದರೆ ತುರ್ತು ನೆರವು ಕರೆಯಬೇಕು.

ಇಷ್ಟು ರೂಢಿಯಾದ ಮೇಲೆ ತಂಗಿ ಪಕ್ಕದ ಕೋಣೆಗೆ ಹೋಗಲಿ. ಮುಂದಿನ ವಾರ ಅರ್ಧ ಗಂಟೆ ಹೊರಗೆ ಹೋಗಲಿ. ಹೊರಗೆ ಹೋದವಳು 10 ನಿಮಿಷಕ್ಕೊಮ್ಮೆ ಫೋನ್ ಮಾಡುತ್ತಾಳೆ, ನಗಬೇಡಿ. ಎರಡು ತಿಂಗಳಲ್ಲಿ ಎರಡು ಗಂಟೆಗೆ ಬಂದರೆ ದೊಡ್ಡ ಮಾತು. ಆ ಎರಡು ಗಂಟೆಯಲ್ಲಿ ಅವಳು ಏನು ಮಾಡಬೇಕು ಎಂಬುದು ನಿಮಗೆ ಸಂಬಂಧಿಸಿದ್ದಲ್ಲ. ಮಲಗಲಿ, ತಿರುಗಾಡಲಿ, ಸುಮ್ನೆ ಕಿಟಕಿ ನೋಡುತ್ತ ಕೂರಲಿ.

ಮಾಡಬಾರದ ಕೆಲಸ ಒಂದಿದೆ. ‘ಇದನ್ನು ಮಾಡಿದರೆ ಆಟಿಸಂ ಪೂರ್ತಿ ವಾಸಿ’ ಎಂಬ ವಿಡಿಯೊಗಳನ್ನು ಅವಳಿಗೆ ಕಳಿಸಬೇಡಿ. ಅವಳು ಅವನ್ನೆಲ್ಲ ಆಗಲೇ ನಡುರಾತ್ರಿಯಲ್ಲಿ ನೋಡಿರುತ್ತಾಳೆ. ಆಟಿಸಂ ಅನ್ನು ಇಲ್ಲದ ಹಾಗೆ ಮಾಡುವ ಔಷಧ ಇಲ್ಲ. ಮಾತು, ಆಟ, ದಿನದ ಕೆಲಸಗಳನ್ನು ಕಲಿಸುವ ತರಬೇತಿಯಿಂದ ಮಗು ಖಂಡಿತ ಮುಂದೆ ಬರುತ್ತದೆ, ಅದು ಬೇರೆ ಮಾತು. ಗ್ಯಾರಂಟಿ ಕೊಡುವವರು ಹಣ ಕಿತ್ತುಕೊಂಡು ಬಿಟ್ಟರೆ ಪುಣ್ಯ. ಕೆಲವು ಸಲ ಜೀವಕ್ಕೇ ಕುತ್ತು. ದೇಹದಿಂದ ಲೋಹ ತೆಗೆಯುತ್ತೇವೆ ಎಂದು ಮಾಡುವ ಚೆಲೇಶನ್ ಚಿಕಿತ್ಸೆಯ ವೇಳೆ 2005ರಲ್ಲಿ ಅಮೆರಿಕದಲ್ಲಿ ಆಟಿಸಂ ಇದ್ದ 5 ವರ್ಷದ ಮಗು ಸತ್ತಿತು.

ಇನ್ನು ಆ 8 ವರ್ಷದ ಹುಡುಗಿ. ನಿಮ್ಮ ಪತ್ರದಲ್ಲಿ ಅವಳ ಬಗ್ಗೆ ಇದ್ದದ್ದು ಒಂದೇ ಸಾಲು, ಮನೆಯಲ್ಲೂ ಈಗ ಅವಳ ಪಾಲಿಗೆ ಅಷ್ಟೇ ಸಿಗುತ್ತಿರಬಹುದು. ತಮ್ಮನ ಮೇಲೆ ಪ್ರೀತಿ ಇರುತ್ತದೆ, ಹೊಟ್ಟೆಕಿಚ್ಚೂ ಇರುತ್ತದೆ. ಗೆಳತಿಯರ ಮುಂದೆ ನಾಚಿಕೆಯಾಗುತ್ತದೆ, ನಾಚಿಕೆಯಾಯಿತಲ್ಲ ಎಂದು ತನ್ನ ಮೇಲೇ ಸಿಟ್ಟು ಬರುತ್ತದೆ. ನನಗೂ ಹೀಗಾಗುತ್ತಾ ಎಂದು ಒಳಗೊಳಗೇ ಹೆದರುವ ಮಕ್ಕಳೂ ಇದ್ದಾರೆ. ಅಮೆರಿಕದಲ್ಲಿ ಡಾನ್ ಮೇಯರ್ ಎಂಬುವರು 1980ರ ದಶಕದಲ್ಲಿ ಇಂಥ ಅಣ್ಣತಮ್ಮ, ಅಕ್ಕತಂಗಿಯರಿಗಾಗಿಯೇ ‘ಸಿಬ್‌ಶಾಪ್’ ಎಂಬ ಕೂಟಗಳನ್ನು ಬೆಳೆಸಿದರು. ಅಲ್ಲಿ ಉಪದೇಶಕ್ಕಿಂತ ಆಟ ಜಾಸ್ತಿ. ಆಟದ ನಡುವೆ ‘ನಿಮ್ಮನೇಲೂ ಹಿಂಗೇನಾ?’ ಎಂಬ ಮಾತು ತಾನಾಗಿ ಬರುತ್ತದೆ.

ನೀವು ಅವಳೊಬ್ಬಳನ್ನೇ ಕರೆದುಕೊಂಡು ಹೋಗಿ. ತಮ್ಮನ ಸುದ್ದಿ ನೀವಾಗಿ ಎತ್ತಬೇಡಿ. ಅವಳು ‘ಅವನು ನನ್ನ ಪುಸ್ತಕ ಹರಿದ’ ಎಂದರೆ ‘ಪಾಪ, ಅವನಿಗೆ ಗೊತ್ತಾಗಲ್ಲ’ ಎಂದು ಅವನ ಪರ ವಾದ ಮಾಡಬೇಡಿ. ‘ಅಯ್ಯೋ, ನಿನಗೆ ತುಂಬ ಸಿಟ್ಟು ಬಂದಿರಬೇಕು’ ಅನ್ನಿ. ‘ನೀನು ದೊಡ್ಡವಳು, ಅಮ್ಮನಿಗೆ ನೀನೇ ಆಸರೆ’ ಎಂಬ ಮಾತನ್ನಂತೂ ಬಿಟ್ಟೇ ಬಿಡಿ. 8 ವರ್ಷದವಳು ಆಸರೆಯಾಗಬೇಕಾಗಿಲ್ಲ.

ತಂಗಿಯ ಗಂಡನನ್ನೂ ಒಮ್ಮೆ ಮಾತಾಡಿಸಿ. ಎಲ್ಲರೂ ಅವರನ್ನು ‘ಅವಳು ಹೇಗಿದ್ದಾಳೆ? ಮಗು ಹೇಗಿದೆ?’ ಎಂದು ಕೇಳುತ್ತಾರೆ. ‘ನೀವು ಹೇಗಿದ್ದೀರಿ?’ ಎಂದು ಕೇಳುವವರು ಕಡಿಮೆ. ಅಂದ ಹಾಗೆ, ಇಂಥ ಮಗು ಇರುವ ದಂಪತಿಗಳಲ್ಲಿ ಶೇ 80 ಮಂದಿ ಬೇರೆಯಾಗುತ್ತಾರೆ ಎಂಬ ಅಂಕಿ ಎಲ್ಲೆಲ್ಲೂ ಓಡಾಡುತ್ತದೆ. ಅದಕ್ಕೆ ಆಧಾರ ಇಲ್ಲ. ಅವರ ಕಿವಿಗೆ ಅದು ಬಿದ್ದಿದ್ದರೆ ಸುಳ್ಳು ಎಂದು ಹೇಳಿ.

ಇದೇ ದಾರಿಯಲ್ಲಿ ಎರಡು ಮೂರು ವರ್ಷ ಮುಂದೆ ನಡೆದಿರುವ ಇನ್ನೊಬ್ಬ ತಾಯಿಯ ಪರಿಚಯ ಮಾಡಿಸಲು ಸಾಧ್ಯವಾದರೆ ಮಾಡಿಸಿ, ತಂಗಿಯನ್ನು ಕೇಳಿಯೇ. 1971ರಲ್ಲಿ ಅಮೆರಿಕದ ಒಮಾಹಾದಲ್ಲಿ ‘ಪೈಲಟ್ ಪೇರೆಂಟ್ಸ್’ ಎಂಬ ಕೆಲಸ ಶುರುವಾದದ್ದು ಹೀಗೆಯೇ. ಹೊಸದಾಗಿ ವಿಷಯ ತಿಳಿದ ತಂದೆತಾಯಿಗೆ ಅನುಭವ ಇರುವ ತಂದೆತಾಯಿಯನ್ನು ಜೊತೆ ಮಾಡುವುದು. ಯುನಿಸೆಫ್ 2021ರಲ್ಲಿ ಕೊಟ್ಟ ಲೆಕ್ಕದಂತೆ ಪ್ರಪಂಚದಲ್ಲಿ ಸುಮಾರು 24 ಕೋಟಿ ಮಕ್ಕಳಿಗೆ ಒಂದಲ್ಲ ಒಂದು ಅಂಗವೈಕಲ್ಯ ಇದೆ, ಅಂದರೆ ಹತ್ತರಲ್ಲಿ ಒಂದು ಮಗು. ಆದರೂ ಪ್ರತಿ ತಾಯಿಗೂ ತಾನೊಬ್ಬಳೇ ಅನ್ನಿಸುತ್ತದೆ. ಆ ಒಂಟಿತನವನ್ನು ನಾನಾಗಲಿ ನೀವಾಗಲಿ ಪೂರ್ತಿ ಕಳೆಯಲಾರೆವು. ಅದೇ ಪಾಡು ಕಂಡ ಇನ್ನೊಬ್ಬಳು ಅರ್ಧ ಗಂಟೆಯಲ್ಲಿ ಕಳೆಯುತ್ತಾಳೆ.

ನಿಮಗೂ ಸಂಕಟ ಇದೆ, ಪತ್ರದಲ್ಲೇ ಕಾಣುತ್ತದೆ. ಅದನ್ನು ಎಲ್ಲಿ ಇಳಿಸುವುದು? ಸೂಸನ್ ಸಿಲ್ಕ್ ಎಂಬ ಮನೋವಿಜ್ಞಾನಿ 2013ರಲ್ಲಿ ಗೆಳೆಯರೊಬ್ಬರ ಜೊತೆ ಸೇರಿ ಒಂದು ಸರಳ ಉಪಾಯ ಹೇಳಿದರು. ಕಷ್ಟದಲ್ಲಿರುವವರನ್ನು ನಡುವೆ ಇಟ್ಟು ಸುತ್ತ ವೃತ್ತಗಳನ್ನು ಎಳೆಯಿರಿ. ತೀರ ಹತ್ತಿರದವರು ಒಳಗಿನ ವೃತ್ತದಲ್ಲಿ, ದೂರದವರು ಹೊರಗಿನದರಲ್ಲಿ. ನಿಮಗಿಂತ ಒಳಗಿರುವವರಿಗೆ ಆಸರೆ ಮಾತ್ರ ಕೊಡಬೇಕು. ನಿಮ್ಮ ಗೋಳನ್ನು ಹೊರಗಿನ ವೃತ್ತದವರ ಹತ್ತಿರ ಹೇಳಿಕೊಳ್ಳಬೇಕು. ನೀವು ಅಳಬೇಕಾದರೆ ನಿಮ್ಮ ಗಂಡನ ಹತ್ತಿರವೋ ಗೆಳತಿಯ ಹತ್ತಿರವೋ ಅಳಿ. ತಂಗಿಯ ಮುಂದೆ ಅತ್ತರೆ ಅವಳು ತನ್ನ ಕಣ್ಣು ಒರೆಸಿಕೊಂಡು ನಿಮ್ಮನ್ನು ಸಮಾಧಾನ ಮಾಡಲು ನಿಲ್ಲುತ್ತಾಳೆ.

ಮನೆಯಲ್ಲಿ ಏನಾದರೂ ಸಮಾರಂಭ ಇದ್ದರೆ ಅವಳನ್ನು ಕರೆಯುವುದನ್ನು ನಿಲ್ಲಿಸಬೇಡಿ. ಹತ್ತು ಸಲ ಬರಲ್ಲ ಅಂದರೂ ಹನ್ನೊಂದನೆಯ ಸಲ ಕರೆಯಿರಿ. ಕರೆಯುವಾಗ ಎಷ್ಟು ಜನ ಬರುತ್ತಾರೆ, ಮೈಕ್ ಇದೆಯಾ, ಮಗನಿಗೆ ಬೇರೆ ಕೋಣೆ ಇದೆಯಾ ಎಂದು ಮೊದಲೇ ತಿಳಿಸಿ. ಅರ್ಧ ಗಂಟೆ ಇದ್ದು ಹೋದರೂ ಯಾರೂ ಏನೂ ಅನ್ನದ ಹಾಗೆ ನೋಡಿಕೊಳ್ಳುತ್ತೇನೆ ಅನ್ನಿ, ಹಾಗೇ ನೋಡಿಕೊಳ್ಳಿ.

ಸದ್ಯಕ್ಕೆ ಫೋನ್ ಮಾಡಬೇಡಿ, ಒಂದು ಮೆಸೇಜ್ ಕಳಿಸಿ. ‘ಆವತ್ತು ಹಾಗೆ ಹೇಳಬಾರದಿತ್ತು, ಕ್ಷಮಿಸು. ಭಾನುವಾರ 11 ಗಂಟೆಗೆ ಬರ್ತೀನಿ, ಮನೆ ಹೇಗಿದ್ದರೂ ಪರವಾಗಿಲ್ಲ. ಬೇಡ ಅಂದ್ರೆ ಬೇಡ ಅಂತ ಒಂದು ಮಾತು ಹಾಕು, ಮುಂದಿನ ವಾರ ಮತ್ತೆ ಕೇಳ್ತೀನಿ. ಇವನಿಗೆ ಈಗ ಯಾವುದರ ಹುಚ್ಚು? ಇನ್ನೂ ಕಾರಾ, ಅಥವಾ ಬೇರೆ ಏನಾದ್ರೂ ಶುರುವಾಗಿದ್ಯಾ?’ ಉತ್ತರ ಬರಲು ಎರಡು ದಿನ ಹಿಡಿಯಬಹುದು.